ದೋಣಿಯನ್ನು ಟ್ರೇಲರ್‌ನಲ್ಲಿ ಸಾಗಿಸುವಾಗ ಎಂಜಿನ್‌ಗೆ ಆಸರೆ ಕೊಡುವುದು ಹೇಗೆ?

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿಯುತ್ತ ಹೋದಂತೆ ದೋಣಿಗಳನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಒಯ್ಯುವುದು, ಮಳೆ ಹಿಡಿಯುವ ಮುನ್ನ ರಿಪೇರಿಗೆಂದು ಶಿವಮೊಗ್ಗಕ್ಕೆ ತರುವುದು ಸಾಗರದ ಕಡೆಯವರಿಗೆ ಹೊಸದೇನಲ್ಲ. ಹಾಗೆ ಸಾಗುವ ಟ್ರೇಲರ್‌ಗಳ ಹಿಂದೆ ವಾಹನ ಓಡಿಸಿದವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ: ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಔಟ್‌ಬೋರ್ಡ್ ಎಂಜಿನನ್ನು ಪ್ರೊಪೆಲ್ಲರ್ ಆಕಾಶ ನೋಡುವಷ್ಟು ಮೇಲೆತ್ತಿ, ಅದರ ಪಕ್ಕದಲ್ಲಿರುವ ಬೆರಳುದ್ದದ ಲಾಕ್ ಲಿವರ್‌ಗೆ ಒರಗಿಸಿ, ಅದೊಂದರ ಭರವಸೆಯ ಮೇಲೆ ಆನಂದಪುರ, ಕುಂಸಿ, ಆಯನೂರುಗಳನ್ನು ದಾಟಿ ಬರುತ್ತಾರೆ. ಆ ಲಿವರ್ ಇರುವುದು ನಿಂತ ದೋಣಿಯಲ್ಲಿ ಎಂಜಿನನ್ನು ನೀರಿನಿಂದ ಮೇಲೆ ಹಿಡಿದಿಡುವುದಕ್ಕೆ ಮಾತ್ರ. ರಸ್ತೆಯ ಮೇಲೆ ಅದನ್ನು ನಂಬಬಾರದೆಂದು ತಯಾರಕರ ಕೈಪಿಡಿಗಳಲ್ಲಿಯೇ ಎಚ್ಚರಿಕೆ ಇರುತ್ತದೆ. ಆದರೆ ಕೈಪಿಡಿ ಬಹುತೇಕ ಮನೆಗಳಲ್ಲಿ ಎಂಜಿನ್ ಬಂದ ಪೆಟ್ಟಿಗೆಯೊಡನೆಯೇ ಅಟ್ಟ ಸೇರಿರುತ್ತದೆ.

ತೊಂದರೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ. 40 ಎಚ್‌ಪಿಯ ನಾಲ್ಕು ಸ್ಟ್ರೋಕ್ ಎಂಜಿನ್ ಸುಮಾರು 100 ಕೆ.ಜಿ. ತೂಗುತ್ತದೆ. ಅದು ಪೂರ್ತಿ ಕೆಳಗಿಳಿದು ನೇರವಾಗಿ ನಿಂತಿದ್ದಾಗ ದೋಣಿಯ ಹಿಂಬದಿಯ ಹಲಗೆಗೆ, ಅಂದರೆ ಟ್ರಾನ್ಸಮ್‌ಗೆ, ಬಿಗಿದಿರುವ ಬ್ರಾಕೆಟ್‌ನ ಮೇಲೆ ಚೆನ್ನಾಗಿ ಒರಗಿಕೊಂಡಿರುತ್ತದೆ. ಮೇಲೆತ್ತಿದಾಗ ಮಾತ್ರ ಇಡೀ ಭಾರ ಎರಡೇ ಕಡೆ ನಿಲ್ಲುತ್ತದೆ: ಒಂದು, ಎಂಜಿನ್ ತಿರುಗುವ ಅಚ್ಚು, ಇನ್ನೊಂದು, ಆ ಲಿವರ್ ಅಥವಾ ಸ್ವಿಚ್ ಒತ್ತಿ ಎಂಜಿನನ್ನು ಏರಿಳಿಸುವ ಪವರ್ ಟಿಲ್ಟ್‌ನ ಹೈಡ್ರಾಲಿಕ್ ಸಿಲಿಂಡರ್. ಪ್ರತಿಯೊಂದು ಹಂಪಿನಲ್ಲಿಯೂ ಎಂಜಿನ್‌ನ ಉದ್ದನೆಯ ಕಾಲು, ಅಂದರೆ ತುದಿಯಲ್ಲಿ ಪ್ರೊಪೆಲ್ಲರ್ ಇರುವ ಕೆಳಭಾಗ, ಮೇಲೆ ಕೆಳಗೆ ತೂಗಾಡಿ ಈ ಎರಡು ಜಾಗಗಳನ್ನೇ ಸುತ್ತಿಗೆಯಂತೆ ಬಡಿಯುತ್ತದೆ. ಸಿಲಿಂಡರ್ ಹಳೆಯದಾಗಿದ್ದರೆ ವಾಲ್ವ್‌ಗಳಲ್ಲಿ ಎಣ್ಣೆಯ ಒತ್ತಡ ಸ್ವಲ್ಪ ಸ್ವಲ್ಪವೇ ಸೋರಿ, ಹೊರಡುವಾಗ ಮೇಲಿದ್ದ ಎಂಜಿನ್ ದಾರಿಯಲ್ಲೇ ಇಳಿದುಬಿಡುವುದೂ ಉಂಟು.

ಸಣ್ಣ ಎಂಜಿನ್ ಇದ್ದವರಿಗೆ ಈ ಲೇಖನದ ಉಳಿದ ಭಾಗ ಬೇಕಾಗಿಲ್ಲ. 10 ಎಚ್‌ಪಿವರೆಗಿನ, ತಿರುಗಿಸುವ ಹಿಡಿಕ್ಲಾಂಪ್‌ಗಳಲ್ಲಿ ನಿಲ್ಲುವ ಎಂಜಿನನ್ನು ಬಿಚ್ಚಿ ವಾಹನದೊಳಗೆ ಇಟ್ಟುಕೊಳ್ಳುವುದೇ ಸರಿ. ಇಬ್ಬರು ಹಿಡಿದರೆ ಐದು ನಿಮಿಷದ ಕೆಲಸ. ಎರಡು ಮಾತು ನೆನಪಿನಲ್ಲಿರಲಿ. ಒಳಗಿನ ನೀರೆಲ್ಲ ಬಸಿದು ಹೋಗುವವರೆಗೆ ಅದರ ಕಾಲು ತಲೆಗಿಂತ ಮೇಲೆ ಹೋಗಬಾರದು, ಹೋದರೆ ಹೊಗೆಯ ದಾರಿಯಿಂದ ನೀರು ಎಂಜಿನ್‌ನ ಸಿಲಿಂಡರಿಗೆ ಇಳಿಯುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನನ್ನು ತಯಾರಕರು ಗುರುತು ಮಾಡಿರುವ ಮಗ್ಗುಲಿನಲ್ಲಿಯೇ ಮಲಗಿಸಬೇಕು, ಇಲ್ಲವಾದರೆ ಎಂಜಿನ್ ಆಯಿಲ್ ಬರಬಾರದ ಕಡೆಗೆ ಬರುತ್ತದೆ.

ಎಷ್ಟು ಎತ್ತಬೇಕು

ಎಂಜಿನ್ ನೇರವಾಗಿ ಇಳಿದಿರುವಂತೆಯೇ ಸಾಗಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಟ್ರೇಲರನ್ನು ವಾಹನಕ್ಕೆ ಸಿಕ್ಕಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಪ್ರೊಪೆಲ್ಲರ್‌ನ ಕೆಳಗಿರುವ ಚೂಪು ರೆಕ್ಕೆಯಿಂದ ನೆಲದವರೆಗೆ ಅಳೆಯಬೇಕು. ಹೆದ್ದಾರಿಯಲ್ಲಿ ಒಂದು ಅಡಿ ಸಾಕೆನ್ನುವವರಿದ್ದಾರೆ. ಮಲೆನಾಡಿನ ಒಳರಸ್ತೆಗಳಿಗೆ ಒಂದೂವರೆ ಅಡಿಗಿಂತ ಕಡಿಮೆ ಇದ್ದರೆ ಎತ್ತಲೇಬೇಕು. ಎಂಜಿನ್ ಟ್ರೇಲರ್‌ನ ಚಕ್ರಗಳಿಗಿಂತ ಬಹಳ ಹಿಂದೆ ಇರುವುದರಿಂದ, ದಿಣ್ಣೆ ಹತ್ತಲು ಆರಂಭಿಸುವಾಗ ಮತ್ತು ದಡದ ಇಳಿಜಾರಿನಿಂದ ರಸ್ತೆಗೆ ಏರುವಾಗ ಹಿಂಭಾಗ ನಾವು ಅಳೆದದ್ದಕ್ಕಿಂತ ತಗ್ಗಿಗೆ ಬರುತ್ತದೆ. ಸಿಗಂದೂರಿನ ಕಡೆಗೆ ದೋಣಿ ಒಯ್ಯುವವರಿಗೆ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಕಬ್ಬಿಣದ ಹಲಗೆ ಹತ್ತಿಸುವಾಗ ಇದ್ದ ಈ ಕಷ್ಟ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಇಲ್ಲವಾಗಿದೆ. ದಡದ ಮಣ್ಣುದಾರಿಗಳಲ್ಲಿ ಈಗಲೂ ಇದೆ. ಆದ್ದರಿಂದ ನೆಲಕ್ಕೆ ತಾಗದಿರಲು ಬೇಕಾದಷ್ಟು ಮಾತ್ರ ಎತ್ತಿ, ಅದಕ್ಕಿಂತ ಒಂದು ಗೇಣೂ ಹೆಚ್ಚು ಎತ್ತಬೇಡಿ.

ಮೊದಲು ದೋಣಿ, ಆಮೇಲೆ ಎಂಜಿನ್

ಆಸರೆಯ ಸಾಧನ ಬಹಳ ಸರಳವಾದದ್ದು. ಒಂದು ತುದಿಯಲ್ಲಿ ಕವಲು ಇರುವ ಕಬ್ಬಿಣದ ಊರುಗೋಲು ಅದು; ಕವಲು ಎಂಜಿನ್‌ನ ಕಾಲನ್ನು ಹಿಡಿಯುತ್ತದೆ, ಇನ್ನೊಂದು ತುದಿ ಟ್ರೇಲರ್‌ನ ಹಿಂಬದಿಯ ಅಡ್ಡಪಟ್ಟಿಗೆ ಬಿಗಿದ ಬ್ರಾಕೆಟ್‌ನಲ್ಲಿ ಅಥವಾ ಕೊನೆಯ ರೋಲರ್‌ನ ಮೇಲೆ ಕೂರುತ್ತದೆ. ಇದನ್ನು ಕೊಂಡು ತಂದವರು ಕೂಡ ಕೆಡಿಸಿಕೊಳ್ಳುವುದು ಒಂದೇ ಕಾರಣಕ್ಕೆ: ದೋಣಿಯನ್ನು ಟ್ರೇಲರ್‌ಗೆ ಬಿಗಿಯದೆ ಎಂಜಿನನ್ನು ಟ್ರೇಲರ್‌ಗೆ ಬಿಗಿಯುತ್ತಾರೆ. ಮುಂದಿನ ಕೊಕ್ಕೆಯಲ್ಲಿ ವಿಂಚಿನ ಹಗ್ಗವೊಂದನ್ನು ಎಳೆದು, ಹಿಂದೆ ಏನನ್ನೂ ಕಟ್ಟದೆ ಹೊರಟರೆ, ಹಂಪಿನಲ್ಲಿ ಟ್ರೇಲರ್ ಒಂದು ಕಡೆ ಹಾರಿ ದೋಣಿ ಇನ್ನೊಂದು ಕಡೆ ಹಾರುತ್ತದೆ. ನಡುವಿನ ಊರುಗೋಲು ಟ್ರೇಲರ್‌ನ ಹೊಡೆತವನ್ನು ನೇರವಾಗಿ ಎಂಜಿನ್‌ಗೂ, ಅಲ್ಲಿಂದ ಟ್ರಾನ್ಸಮ್‌ನ ಬೋಲ್ಟುಗಳಿಗೂ ತಲುಪಿಸುತ್ತದೆ. ಅಂಥ ಸ್ಥಿತಿಯಲ್ಲಿ ಊರುಗೋಲು ಇಲ್ಲದಿರುವುದೇ ವಾಸಿ.

ಆದ್ದರಿಂದ ಮೊದಲ ಕೆಲಸವೆಂದರೆ ಟ್ರಾನ್ಸಮ್‌ನ ಎಡಬಲದಲ್ಲಿರುವ ಎರಡು ಕಣ್ಣುಬೋಲ್ಟುಗಳಿಂದ ಟ್ರೇಲರ್‌ನ ಚೌಕಟ್ಟಿಗೆ, ಹಲ್ಲುಚಕ್ರದ ಹಿಡಿಯಿಂದ ಬಿಗಿಯುವ ಎರಡು ರ‍್ಯಾಚೆಟ್ ಬೆಲ್ಟ್‌ಗಳನ್ನು ಹಾಕಿ, ಕೈಯಿಂದ ಮೀಟಿದರೆ ತಂತಿಯಂತೆ ಮಿಡಿಯುವಷ್ಟು ಬಿಗಿಯುವುದು. ಬೆಲ್ಟ್ ಪಾಲಿಯೆಸ್ಟರಿನದೇ ಆಗಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೈಲಾನ್ ಹಗ್ಗ ನೆನೆದಾಗ ಹಿಗ್ಗುತ್ತದೆ, ಮತ್ತು ನಮ್ಮ ಕಡೆ ಅದು ನೆನೆಯದೆ ಇರುವ ತಿಂಗಳುಗಳು ಕಡಿಮೆ. ದೋಣಿಯೊಳಗೆ ನಿಂತ ನೀರನ್ನು ಇದಕ್ಕೂ ಮೊದಲೇ ಬಸಿದಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಎಂಜಿನನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಮೇಲೆತ್ತಿ, ಊರುಗೋಲಿನ ಕೆಳತುದಿಯನ್ನು ಬ್ರಾಕೆಟ್‌ಗೆ ಸೇರಿಸಿ, ಪಿನ್ ಹಾಕಿ ಭದ್ರಪಡಿಸಿ, ಕವಲನ್ನು ಎಂಜಿನ್‌ನ ಕಾಲಿಗೆ ಒಡ್ಡಬೇಕು. ಕವಲು ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಪ್ರೊಪೆಲ್ಲರ್‌ನ ಮುಂದಿರುವ ಉಬ್ಬು ಭಾಗಕ್ಕೂ ಮೇಲಿರುವ ಅಡ್ಡ ತಟ್ಟೆಗೂ ನಡುವಿನ ಜಾಗದಲ್ಲಿ, ಕಾಲಿನ ಮುಂಭಾಗದ ಏಣಿನ ಮೇಲೆ ಅದು ಕೂರಬೇಕು. ಪಕ್ಕದಲ್ಲಿ ತಂಪಿನ ನೀರು ಎಳೆದುಕೊಳ್ಳುವ ಸಣ್ಣ ಜಾಲರಿಗಳಿರುತ್ತವೆ. ಕವಲಿನ ಕಬ್ಬಿಣ ಅವುಗಳನ್ನು ಒತ್ತಬಾರದು. ಕವಲಿನ ಒಳಮೈಗೆ ಹಳೆಯ ಟೈರಿನ ತುಂಡನ್ನು ಬೋಲ್ಟು ಹಾಕಿ ಕೂರಿಸಿದ್ದರೆ ಬಣ್ಣ ಕಿತ್ತುಹೋಗುವುದಿಲ್ಲ. ಚೂಪು ರೆಕ್ಕೆಗೆ ಅಥವಾ ಪ್ರೊಪೆಲ್ಲರಿಗೆ ಆಸರೆ ಕೊಡುವುದು ಎಂದಿಗೂ ಸಲ್ಲದು.

ಕವಲು ಕೂತ ಮೇಲೆ ಟಿಲ್ಟ್ ಸ್ವಿಚ್ಚನ್ನು ಒಮ್ಮೆಲೇ ಒತ್ತಿ ಹಿಡಿಯದೆ, ಬಿಟ್ಟು ಬಿಟ್ಟು ಒತ್ತುತ್ತ ಎಂಜಿನನ್ನು ಇಳಿಸಬೇಕು. ಕಾಲು ಕವಲಿಗೆ ತಾಗಿದ ಕ್ಷಣದಲ್ಲಿ ಪಂಪಿನ ಸದ್ದು ಬದಲಾಗಿ ಭಾರವಾಗುತ್ತದೆ. ಅಲ್ಲಿಗೆ ಕೈ ತೆಗೆಯಬೇಕು. ಬಿಗಿಯಾಗಲಿ ಎಂದು ಇನ್ನೂ ಒತ್ತಿದರೆ ಹೈಡ್ರಾಲಿಕ್‌ನ ಬಲಕ್ಕೆ ದೋಣಿಯ ಹಿಂಭಾಗವೇ ಟ್ರೇಲರ್‌ನಿಂದ ಮೇಲೇಳಲು ನೋಡುತ್ತದೆ. ಇದನ್ನು ಕಣ್ಣಿನಿಂದ ಕಂಡುಹಿಡಿಯುವುದು ಕಷ್ಟ, ಬೆಲ್ಟ್ ಮುಟ್ಟಿ ನೋಡಿದರೆ ತಿಳಿಯುತ್ತದೆ: ಊರುಗೋಲು ಇಡುವ ಮೊದಲಿಗಿಂತ ಬೆಲ್ಟ್ ಬಿಗಿಯಾಗಿ ಕಿರುಗುಟ್ಟುತ್ತಿದ್ದರೆ, ಅಥವಾ ದೋಣಿಯ ತಳಕ್ಕೂ ಹಿಂದಿನ ರೋಲರಿಗೂ ನಡುವೆ ಒಂದು ಕಾಗದ ಸಲೀಸಾಗಿ ಜಾರುತ್ತಿದ್ದರೆ ಒತ್ತಡ ಅತಿಯಾಗಿದೆ ಎಂದರ್ಥ. ಸ್ವಿಚ್ಚನ್ನು ಮೇಲ್ಮುಖವಾಗಿ ಒಮ್ಮೆ ತಟ್ಟಿ ಸಡಿಲಿಸಿ. ಆಮೇಲೆ ಕವಲಿನ ಪಟ್ಟಿಯನ್ನು ಕಾಲಿನ ಸುತ್ತ ತಂದು ಕಟ್ಟಿ, ಎಂಜಿನನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಎಂಜಿನ್, ದೋಣಿ, ಟ್ರೇಲರ್ ಮೂರೂ ಒಟ್ಟಿಗೆ ಅಲುಗಬೇಕು.

ಪವರ್ ಟಿಲ್ಟ್ ಇಲ್ಲದ ಎಂಜಿನ್‌ಗಳಲ್ಲಿ ಮೇಲಿನಿಂದ ಒತ್ತುವುದಕ್ಕೆ ಏನೂ ಇರುವುದಿಲ್ಲ. ಅಲ್ಲಿ ಎಂಜಿನ್ ತನ್ನ ತೂಕದಿಂದ ಕವಲಿನ ಮೇಲೆ ಕೂತಿದ್ದು ಹಂಪಿನಲ್ಲಿ ಜಿಗಿಯುವುದರಿಂದ, ಕಾಲಿನಿಂದ ಟ್ರೇಲರ್‌ನ ಚೌಕಟ್ಟಿಗೆ ಕೆಳಮುಖವಾಗಿ ಇನ್ನೊಂದು ಬೆಲ್ಟ್ ಎಳೆದು ಬಿಗಿಯಬೇಕಾಗುತ್ತದೆ. ಹಾಗೆಯೇ ಯಾವ ಬಗೆಯ ಎಂಜಿನ್ ಆದರೂ ಸ್ಟಿಯರಿಂಗ್ ಕಟ್ಟಿ, ಅದು ಎಡಬಲಕ್ಕೆ ತಿರುಗದಂತೆ ಮಾಡಿ. ಪೆಟ್ರೋಲ್ ಪೈಪ್ ಬಿಡಿಸಿ.

ಕೊಳ್ಳುವುದೋ, ಮಾಡಿಸುವುದೋ

ಆನ್‌ಲೈನ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಕವಲಿನ, ರಬ್ಬರ್ ಪಟ್ಟಿಯ ಊರುಗೋಲುಗಳನ್ನು ಕೊಳ್ಳಬೇಡಿ. ಬಿಸಿಲಿಗೆ ಒಣಗಿದ ರಬ್ಬರ್ ಪಟ್ಟಿ ಕೊಕ್ಕೆಯ ಹತ್ತಿರವೇ ಬಿರಿಯುತ್ತದೆ, ಪಟ್ಟಿ ಹರಿದ ಮೇಲೆ ಕವಲು ಕಾಲಿನಿಂದ ಜಾರಿ ರಸ್ತೆಗೆ ಬೀಳಲು ಒಂದೇ ಗುಂಡಿ ಸಾಕು. ಒಳಗೆ ಸ್ಪ್ರಿಂಗ್ ಇರುವ ದುಬಾರಿ ಬಗೆಯೂ ಬಂದಿದೆ. ದೋಣಿ ಸರಿಯಾಗಿ ಬಿಗಿದಿದ್ದರೆ ಸ್ಪ್ರಿಂಗಿಗೆ ಕೆಲಸವೇ ಇರುವುದಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಯಾವ ವೆಲ್ಡಿಂಗ್ ಅಂಗಡಿಯವರಿಗೆ ಹೇಳಿದರೂ ಜಿಐ ಪೈಪಿನೊಳಗೆ ಇನ್ನೊಂದು ಪೈಪ್ ಜಾರುವಂತೆ, ಇಂಚಿಗೊಂದು ತೂತು ಕೊರೆದು ಪಿನ್ ಹಾಕಿ ಉದ್ದ ಹೊಂದಿಸುವಂತೆ ಮಾಡಿಕೊಡುತ್ತಾರೆ. ಅಳತೆಗೆ ಬರೀ ಚೀಟಿ ಹಿಡಿದು ಹೋಗದೆ ದೋಣಿ ಸಮೇತ ಟ್ರೇಲರನ್ನೇ ತೆಗೆದುಕೊಂಡು ಹೋಗಿ. ಊರುಗೋಲು ಟ್ರಾನ್ಸಮ್‌ನ ಮೇಲಿನ ಭಾರವನ್ನೇ ಇಳಿಸುತ್ತದೆ ಎಂದು ಜಾಹೀರಾತುಗಳು ಹೇಳುವುದು ಅತಿಶಯ. ಎಂಜಿನ್ ನೇತಾಡುವುದು ಟ್ರಾನ್ಸಮ್‌ನಲ್ಲಿಯೇ, ಊರುಗೋಲು ತಡೆಯುವುದು ಕುಲುಕಾಟವನ್ನು.

ನಮ್ಮ ಕಡೆಯ ಅನೇಕ ಟ್ರೇಲರ್‌ಗಳು ಆಂಗಲ್ ಕಬ್ಬಿಣದಲ್ಲಿ ಸ್ಥಳೀಯವಾಗಿ ಮಾಡಿಸಿದವು. ತಿರುವುಗಳಲ್ಲಿ ಅವುಗಳ ಚೌಕಟ್ಟೇ ತುಸು ತಿರುಚಿಕೊಳ್ಳುತ್ತದೆ. ಅಂಥ ಟ್ರೇಲರಿಗೆ ಊರುಗೋಲಿಗಿಂತ ಬೆಣೆಯೇ ಒಳ್ಳೆಯದು. ಎಂಜಿನ್‌ನ ತಿರುಗುವ ಬ್ರಾಕೆಟ್‌ಗೂ ಟ್ರಾನ್ಸಮ್‌ಗೆ ಬಿಗಿದ ಬ್ರಾಕೆಟ್‌ಗೂ ನಡುವೆ ಗಟ್ಟಿ ಮರದ ತುಂಡೊಂದನ್ನು ಇಟ್ಟು, ಎಂಜಿನನ್ನು ಅದರ ಮೇಲೆ ಮೆತ್ತಗೆ ಇಳಿಸಿದರೆ ಭಾರ ಎಂಜಿನ್‌ನ ಬ್ರಾಕೆಟ್‌ಗಳ ನಡುವೆಯೇ ಉಳಿಯುತ್ತದೆ, ಟ್ರೇಲರ್ ಹೇಗೆ ಹಾರಿದರೂ ಎಂಜಿನ್‌ಗೆ ಅದರ ಗೊಡವೆ ಇಲ್ಲ. ತುಂಡು ಮತ್ತಿ ಅಥವಾ ಹೊನ್ನೆಯದಾಗಿರಲಿ, ಸಿಲ್ವರ್ ಓಕ್ ಬೇಡ, ಅದು ಅಂಚಿನಲ್ಲಿ ಜಜ್ಜಿಹೋಗುತ್ತದೆ. ಹೈಡ್ರಾಲಿಕ್ ಪೈಪು, ವಯರುಗಳು ಅದರ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡು, ತುಂಡಿಗೆ ತೂತು ಕೊರೆದು ಹಗ್ಗದಿಂದ ಬ್ರಾಕೆಟ್‌ಗೆ ಕಟ್ಟಬೇಕು. ಕಟ್ಟದ ಬೆಣೆ ದಾರಿಯಲ್ಲಿ ಬಿದ್ದುಹೋಗಿ, ಊರು ಸೇರಿದ ಮೇಲಷ್ಟೇ ಗೊತ್ತಾಗುತ್ತದೆ. ಬೆಣೆಯ ಬದಲು ಲಾರಿ ಟ್ಯೂಬಿನಿಂದ ಎಂಜಿನನ್ನು ದೋಣಿಯ ಸೀಟಿಗೆ ಎಳೆದು ಕಟ್ಟುವ ಉಪಾಯವೂ ರೂಢಿಯಲ್ಲಿದೆ. ಟ್ಯೂಬ್ ಹಿಗ್ಗುವ ವಸ್ತು. ಅದು ಕುಲುಕಾಟಕ್ಕೆ ಇನ್ನಷ್ಟು ತೂಗುಯ್ಯಾಲೆ ಸೇರಿಸುತ್ತದೆಯೇ ಹೊರತು ಏನನ್ನೂ ಹಿಡಿಯುವುದಿಲ್ಲ.

ಹೊರಟು ಮೂರ್ನಾಲ್ಕು ಕಿಲೋಮೀಟರ್ ಹೋದ ಮೇಲೆ ಒಂದು ಸಲ ನಿಲ್ಲಿಸಿ ಬೆಲ್ಟ್ ಮತ್ತು ಪಿನ್ ನೋಡಬೇಕು, ಏಕೆಂದರೆ ದೋಣಿ ಟ್ರೇಲರ್‌ನಲ್ಲಿ ಸರಿಯಾಗಿ ಕೂರುವುದು ಮೊದಲ ಕೆಲವು ಹಂಪ್‌ಗಳ ನಂತರವೇ, ಆಗ ಬೆಲ್ಟ್ ಒಂದೆರಡು ಹಲ್ಲು ಸಡಿಲವಾಗಿರುತ್ತದೆ. ಬಿಗಿದು ಹೊರಟರೆ ಆಮೇಲೆ ಸಾಗರದವರೆಗೂ ನಿಲ್ಲಿಸಬೇಕಾಗಿಲ್ಲ. ದಡ ತಲುಪಿದಾಗ ಕೆಲಸದ ಕ್ರಮ ತಿರುವುಮುರುವಾಗುತ್ತದೆ: ಎಂಜಿನನ್ನು ತುಸು ಎತ್ತಿ ಊರುಗೋಲನ್ನು ತೆಗೆದು ವಾಹನದೊಳಗೆ ಹಾಕಿದ ಮೇಲಷ್ಟೇ ಹಿಂದಿನ ಬೆಲ್ಟ್‌ಗಳನ್ನು ಬಿಚ್ಚಬೇಕು. ಊರುಗೋಲು ಇರುವಂತೆಯೇ ಬೆಲ್ಟ್ ಬಿಚ್ಚಿ ದೋಣಿಯನ್ನು ನೀರಿಗೆ ತಳ್ಳಿದರೆ, ತೇಲಿ ಹಿಂದೆ ಸರಿಯುವ ದೋಣಿ ಕವಲಿಗೆ ಸಿಕ್ಕ ಕಾಲನ್ನು ಟ್ರೇಲರ್‌ನ ಜೊತೆಗೆ ಎಳೆಯುತ್ತದೆ. ಆಗ ಮುರಿಯುವುದು ಬ್ರಾಕೆಟ್ಟೋ ಎಂಜಿನ್‌ನ ಕಾಲೋ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ನೀರಿಗೆ ಇಳಿಸುವ ಆ ಕೆಲವು ನಿಮಿಷ ಎಂಜಿನ್ ಮೇಲೆ ನಿಲ್ಲಬೇಕಲ್ಲ, ಅದಕ್ಕೆ ಪಕ್ಕದ ಲಾಕ್ ಲಿವರ್ ಸಾಕು.