ಲಕ್ಕುಂಡಿ ಬಸ್ ಹತ್ತುವ ಮೊದಲು ಗದಗ ನೋಡುವುದು ಹೇಗೆ?

ಹಳೆಯ ಗುಡಿಗಳನ್ನು ನೋಡಲು ಲಕ್ಕುಂಡಿಗೆ ಹೋಗುವ ಎಷ್ಟೋ ಜನ ಗದಗ ಬಸ್ ನಿಲ್ದಾಣದಲ್ಲಿ ಇಳಿದು, ಚಹಾ ಕುಡಿದು, ಮುಂದಿನ ಬಸ್ ಹತ್ತಿಬಿಡುತ್ತಾರೆ. ಲಕ್ಕುಂಡಿ ಇರುವುದು ಸುಮಾರು 12 ಕಿ.ಮೀ. ದೂರದಲ್ಲಿ. ಮಧ್ಯಾಹ್ನ ಹೋದರೂ ನಡೆಯುತ್ತದೆ. ಬೆಳಗಿನ ಹೊತ್ತನ್ನು ಗದಗಿಗೇ ಕೊಡಿ.

ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ 60 ಕಿ.ಮೀ. ರೈಲೂ ಇದೆ, ಬಸ್ಸೂ ಇದೆ. ಎಂಟು ಗಂಟೆಯೊಳಗೆ ಊರು ಮುಟ್ಟುವಂತೆ ಹೊರಡಿ. ಬಿಸಿಲೇರಿದರೆ ಗುಡಿಯ ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ.

ಮೊದಲು ತ್ರಿಕೂಟೇಶ್ವರಕ್ಕೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ: ಬ್ರಹ್ಮ, ವಿಷ್ಣು, ಮಹೇಶ್ವರ. ದರ್ಶನ ಆಯಿತೆಂದು ಅಲ್ಲಿಂದಲೇ ತಿರುಗಬೇಡಿ. ಅದೇ ಆವರಣದಲ್ಲಿ ಸರಸ್ವತಿ ಗುಡಿ ಇದೆ. ಒಳಗಿನ ಮೂರ್ತಿ ಭಗ್ನವಾಗಿದೆ. ಆದರೆ ನನ್ನ ಕೇಳಿದರೆ, ಇಡೀ ಊರಿನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದೇ.

ಇಲ್ಲಿನ ಕಂಬಗಳನ್ನು ಹೀಗೆ ನೋಡಿ. ಒಂದನ್ನು ಆರಿಸಿಕೊಂಡು ಬುಡದಿಂದ ಮೇಲಕ್ಕೆ ನಿಧಾನವಾಗಿ ಕಣ್ಣಾಡಿಸಿ. ಆಮೇಲೆ ಪಕ್ಕದ ಕಂಬಕ್ಕೆ ಹೋಗಿ. ಅಕ್ಕಸಾಲಿಗರು ಬೆಳ್ಳಿಯಲ್ಲಿ ಮಾಡುವಂಥ ಸಣ್ಣ ಕುಸುರಿ. ಕಲ್ಲಿನಲ್ಲಿ ಇದು ಹೇಗೆ ಸಾಧ್ಯವಾಯಿತು? ಬಾದಾಮಿ, ಐಹೊಳೆಯ ಗುಡಿಗಳು ಮರಳುಗಲ್ಲಿನವು. ಆ ಕಲ್ಲು ತರಿತರಿ, ಇಷ್ಟು ಸಣ್ಣ ಕೆತ್ತನೆಗೆ ಒಗ್ಗುವುದಿಲ್ಲ. ಇಲ್ಲಿನ ಶಿಲ್ಪಿಗಳು ಬಳಪದ ಕಲ್ಲು ಹಿಡಿದರು. ಅದು ಮೆತ್ತಗೆ, ಉಳಿ ಹೇಳಿದಂತೆ ಕೇಳುತ್ತದೆ. ಮೆತ್ತಗಿರುವುದರಿಂದಲೇ ಅದರ ಮೇಲೆ ಹೆಸರು ಗೀಚುವುದೂ ಸುಲಭ. ಯಾರಾದರೂ ಗೀಚುವುದು ಕಂಡರೆ ದಯವಿಟ್ಟು ಸುಮ್ನೆ ಇರಬೇಡಿ.

ಹೊರಡುವಾಗ ಆವರಣದ ಮೆಟ್ಟಿಲು ಬಾವಿಯನ್ನೂ ಇಣುಕಿ ನೋಡಿ.

ಆಮೇಲೆ ವೀರನಾರಾಯಣ ಗುಡಿ. ಹೊಯ್ಸಳರ ವಿಷ್ಣುವರ್ಧನ ಕಟ್ಟಿಸಿದ್ದು ಎನ್ನುತ್ತಾರೆ. ಬಾಗಿಲಿನ ಗೋಪುರ ವಿಜಯನಗರದ ಶೈಲಿಯದು. ಒಳಗೆ ಕುಮಾರವ್ಯಾಸನ ಕಂಬ ಎಲ್ಲಿ ಎಂದು ಕೇಳಿ, ತೋರಿಸುತ್ತಾರೆ. ಗದುಗಿನ ನಾರಣಪ್ಪ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಈ ಕಂಬದ ಬಳಿ ಕೂತು ಭಾರತ ಬರೆಯುತ್ತಿದ್ದನಂತೆ. ಬಟ್ಟೆ ಆರಿದರೆ ಆ ದಿನದ ಬರವಣಿಗೆಯೂ ನಿಂತಿತು! ಹಾಗೆ ಹತ್ತು ಪರ್ವಗಳಾದವು. ಹೋಗುವಾಗ ಫೋನಿನಲ್ಲಾದರೂ ಅವನ ಒಂದು ಪದ್ಯ ಇಟ್ಟುಕೊಂಡು ಹೋಗಿ, ಆ ಕಂಬದ ಬಳಿ ಮೆಲ್ಲಗೆ ಓದಿಕೊಳ್ಳಿ. ಭಾಮಿನಿ ಷಟ್ಪದಿ ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ.

ಕೊನೆಗೆ ಆಟೊ ಹಿಡಿದು ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ತಮ್ಮಂಥ ಮಕ್ಕಳಿಗೆ ಸಂಗೀತ ಕಲಿಸಿದ ಪರಂಪರೆ ಇದು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರ ಶಿಷ್ಯರು. ಅವರ ನಂತರ ಆಶ್ರಮ ನೋಡಿಕೊಂಡ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೂ ಅವರೇ ಇದನ್ನು ನಡೆಸಿದರು. ಒಳಗೆ ಅಭ್ಯಾಸ ನಡೆದಿದ್ದರೆ ಹೊರಗೆ ಕೂತು ಕೇಳಿ. ಮಕ್ಕಳ ಫೋಟೊ ತೆಗೆಯಬೇಡಿ. ನೀವು ತೆಗೆಯುತ್ತಿರುವುದು ಅವರಿಗೆ ಕಾಣುವುದಿಲ್ಲ, ಅಲ್ವಾ?

ಅಷ್ಟೊತ್ತಿಗೆ ಹಸಿವಾಗಿರುತ್ತದೆ. ಗಿರ್ಮಿಟ್, ಮಿರ್ಚಿ ಭಜಿ ತಿಂದು ಲಕ್ಕುಂಡಿಯ ಬಸ್ ಹತ್ತಿ.