ಅಟ್ಟದಲ್ಲಿ ಹಳೇ ಫಿಲ್ಮ್ ರೀಲು ಸಿಕ್ಕಿತಾ? ಹೀಗೆ ಮಾಡಿ

ಯುರೋಪಿನಲ್ಲಿ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಫಿಲ್ಮ್ ಡಬ್ಬಿ ಸಿಗುವುದುಂಟು. ದಯವಿಟ್ಟು ಕಸಕ್ಕೆ ಹಾಕಬೇಡಿ. ಆಸೆಗೆ ಬಿದ್ದು ಪ್ರೊಜೆಕ್ಟರ್‌ನಲ್ಲಿ ಓಡಿಸಲೂ ಬೇಡಿ, ಒಣಗಿ ಕುಗ್ಗಿದ ಫಿಲ್ಮ್ ಅಲ್ಲೇ ಹರಿದುಹೋಗಬಹುದು.

ಮುಚ್ಚಳ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಬಡಿಯಿತಾ? ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮ್, ಕೆಡಲು ಶುರುವಾಗಿದೆ. ಬೇರೆ ರೀಲುಗಳಿಂದ ದೂರ, ತಂಪಾದ, ತೇವವಿಲ್ಲದ ಜಾಗದಲ್ಲಿಡಿ. 35 ಎಂಎಂ ರೀಲು, ಅದೂ 1950ರ ದಶಕಕ್ಕಿಂತ ಹಿಂದಿನದಾದರೆ ಇನ್ನೂ ಜಾಸ್ತಿ ಹುಷಾರಾಗಿರಿ, ಯಾಕೆಂದರೆ ಅದು ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಫಿಲ್ಮ್ ಇರಬಹುದು, ನೈಟ್ರೇಟ್ ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಅಂಥದ್ದನ್ನು ಪೋಸ್ಟ್‌ನಲ್ಲಿ ಕಳಿಸಬೇಡಿ. ಹತ್ತಿರದ ಫಿಲ್ಮ್ ಆರ್ಕೈವ್‌ಗೆ, ಅಂದರೆ ಹಳೇ ಫಿಲ್ಮ್‌ಗಳನ್ನು ಕಾಪಾಡುವ ಸಂಗ್ರಹಾಲಯಕ್ಕೆ, ಫೋನ್ ಮಾಡಿ.

ಡಬ್ಬಿ ಮೇಲಿನ ಚೀಟಿ, ಪೆನ್ಸಿಲ್ ಬರಹ ಎಲ್ಲದರ ಫೋಟೋ ತೆಗೆಯಿರಿ. ಯಾವ ಊರು, ಯಾರ ಮದುವೆ, ಯಾವ ವರ್ಷ ಅಂತ ಮನೆಯ ಹಿರಿಯರನ್ನು ಇವತ್ತೇ ಕೇಳಿ ಬರೆದಿಡಿ. ಮನೆಮಂದಿ ತೆಗೆದ ಫಿಲ್ಮ್ ಯಾರಿಗೆ ಬೇಕು ಅನ್ನಬೇಡಿ, ಇಟಲಿಯ ಬೊಲೊನ್ಯಾದಲ್ಲಿ ಅದಕ್ಕೆಂದೇ ಒಂದು ಆರ್ಕೈವ್ ಇದೆ.

ರೀಲು ಇಲ್ಲದವರು ಟಿಕೆಟ್ ತೆಗೆದುಕೊಳ್ಳಿ. ಹಳೇ ಚಿತ್ರ ಹಾಕುವ ಸಣ್ಣ ಥಿಯೇಟರ್ ಉಳಿಯುವುದು ಅದರಿಂದಲೇ ಅಲ್ವಾ? ಬೇಸಿಗೆಯಲ್ಲಿ ಬೊಲೊನ್ಯಾಕ್ಕೆ ಹೋದರೆ ಪಿಯಾಝಾ ಮಜೋರೆ ಚೌಕದಲ್ಲಿ ರಿಪೇರಿಯಾದ ಹಳೇ ಚಿತ್ರಗಳನ್ನು ಬಯಲಲ್ಲಿ ಕೂತು ಪುಕ್ಕಟೆಯಾಗಿ ನೋಡಬಹುದು. ನಮ್ಮ ಕನ್ನಡ ಚಿತ್ರ ‘ಘಟಶ್ರಾದ್ಧ’ಕ್ಕೆ ಮರುಜೀವ ಕೊಟ್ಟಿದ್ದೂ ಇದೇ ಊರಿನ ಲ್ಯಾಬ್. 2024ರಲ್ಲಿ ಆ ಹೊಸ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.