ಇಬ್ಬರು ಸ್ಟಾರ್ ಆಟಗಾರರಿಗೆ ಮಾತಿಲ್ಲವಂತೆ: ಕಬಡ್ಡಿ ತಂಡದ ನಾಯಕ ಏನು ಮಾಡಬೇಕು?

ಗುಬ್ಬಿ, ತಿಪಟೂರು ಕಡೆ ಇಂಥ ಸುದ್ದಿ ಟೀ ಅಂಗಡಿಯಲ್ಲೇ ಹುಟ್ಟಿ ತಂಡದ ಕಿವಿಗೆ ಬೀಳುತ್ತದೆ. ನಂಬುವ ಮೊದಲು ಅಂಕಣದಲ್ಲಿ ಪರೀಕ್ಷಿಸಿ.

ಆ ಇಬ್ಬರಲ್ಲಿ ಒಬ್ಬ ಕಾರ್ನರ್ (ಡಿಫೆನ್ಸ್ ಸಾಲಿನ ತುದಿಯಲ್ಲಿ ನಿಲ್ಲುವವನು), ಇನ್ನೊಬ್ಬ ಕವರ್ (ಅದೇ ಬದಿಯಲ್ಲಿ ಒಳಗೆ ನಿಲ್ಲುವವನು) ಅಂದುಕೊಳ್ಳಿ. ಕಾರ್ನರ್‌ನವನು ಎದುರು ತಂಡದಿಂದ ದಾಳಿಗೆ ಬಂದ ರೈಡರ್‌ನ ಕಣಕಾಲು ಹಿಡಿದ ಕೂಡಲೇ ಕವರ್‌ನವನು ಮೈಮೇಲೆ ಬೀಳಬೇಕು. ಅರ್ಧ ಹೆಜ್ಜೆ ತಡವಾದರೂ ರೈಡರ್ ಕೈಚಾಚಿ ನಡುಗೆರೆ ಮುಟ್ಟುತ್ತಾನೆ. ನಡುಗೆರೆಯ ಪಕ್ಕದಲ್ಲಿ ಫೋನ್ ಇಟ್ಟು 10 ರೈಡ್ ಚಿತ್ರೀಕರಿಸಿ. ಆಮೇಲೆ ಕಾರ್ನರ್‌ನವನನ್ನು ಬದಲಿಸಿ ಮತ್ತೆ 10. ಆಗಲೂ ಕವರ್ ತಡವಾದರೆ ಅದು ಜಗಳವಲ್ಲ, ಕಾಲಿನ ವೇಗದ ಕೊರತೆ, ಅಭ್ಯಾಸ ಹೆಚ್ಚಿಸಿ. ಮೊದಲಿನ ಕಾರ್ನರ್‌ನವನ ಜೊತೆ ಮಾತ್ರ ತಡವಾದರೆ ಕೂತು ಮಾತಾಡಲೇಬೇಕು.

ಇಬ್ಬರನ್ನೂ ಬೇರೆ ಬೇರೆ ಕರೆಯಿರಿ, ತಂಡದ ಎದುರು ಖಂಡಿತ ಬೇಡ. ವಿಡಿಯೊ ತೋರಿಸಿ, ‘ಇಲ್ಲಿ ಏನಾಯ್ತಪ್ಪಾ?’ ಅಂತ ಕೇಳಿ ಸುಮ್ಮನಿರಿ. ಇಬ್ಬರಲ್ಲಿ ಒಬ್ಬ ನೀವೇ ಆಗಿದ್ದರೆ ಕೋಚ್ ಕೇಳಲಿ. ನೀವು ಏನೇ ಹೇಳಿದರೂ ಪಕ್ಷಪಾತದಂತೆ ಕೇಳಿಸುತ್ತದೆ.

ಮುನಿಸಿನ ಬೇರು ಸಾಮಾನ್ಯವಾಗಿ ‘ಯಾರ ಮಾತು ನಡೆಯಬೇಕು’ ಅನ್ನುವುದೇ. ಡಿಫೆನ್ಸ್‌ನಲ್ಲಿ ‘ಹಿಡಿ’ ಅನ್ನುವ ಧ್ವನಿ ಒಂದೇ ಇರಲಿ. ಎರಡಾದರೆ ಮೂವರು ಮುನ್ನುಗ್ಗುತ್ತಾರೆ, ಉಳಿದವರು ಹಿಂದೆ ನಿಲ್ಲುತ್ತಾರೆ, ರೈಡರ್ ನಡುವೆ ನುಸುಳುತ್ತಾನೆ. ಡೂ ಆರ್ ಡೈ ನಿಯಮವಿದ್ದರೆ (ಸತತ ಎರಡು ರೈಡ್‌ ಅಂಕವಿಲ್ಲದೆ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್), ಆ ಮೂರನೆಯದಕ್ಕೆ ಯಾರು ಹೋಗಬೇಕೆಂದು ಪಂದ್ಯಕ್ಕೆ ಮೊದಲೇ ತೀರ್ಮಾನಿಸಿ. 30 ಸೆಕೆಂಡಿನ ಟೈಮ್ ಔಟ್‌ನಲ್ಲಿ ಆ ಚರ್ಚೆ ಮುಗಿಯುವುದಿಲ್ಲ.

ಸುದ್ದಿ ಹಬ್ಬಿದ ವಾರವೇ ಒಬ್ಬನನ್ನು ಬೆಂಚಿಗೆ ಕೂರಿಸಬೇಡಿ, ಸುಳ್ಳೂ ನಿಜವಾಗಿಬಿಡುತ್ತದೆ. ಅಭ್ಯಾಸದಲ್ಲಿ ಇಬ್ಬರನ್ನೂ ಒಂದೇ ಬದಿಗೆ ಹಾಕಿ, ದಿನಕ್ಕೆ 20 ಹಿಡಿತ ಮಾಡಿಸಿ.